ಮನೆ ಹಿಡಿದಿಡುವ ಹುಲ್ಲು

ನಮ್ಮ ಮನೆ ಹೊರಟಿದೆ ಎಂದು ನನಗೆ ಮೊದಲು ಗೊತ್ತಾದದ್ದು ಬಾವಿಯಿಂದ. ಹಿತ್ತಿಲ ಬಾಗಿಲಿನಿಂದ ಬಾವಿಕಟ್ಟೆಗೆ ಆರು ಹೆಜ್ಜೆ. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ನಡೆದ ದಾರಿ, ಕಣ್ಣು ಮುಚ್ಚಿಕೊಂಡೇ ಹೋಗಿ ಕೊಡ ಇಡುತ್ತಿದ್ದೆ. ಆ ಮಂಗಳವಾರ ಬೆಳಿಗ್ಗೆ ಆರು ಹೆಜ್ಜೆ ಹಾಕಿ ಕೊಡ ಇಟ್ಟರೆ ಅಲ್ಲಿ ಕಟ್ಟೆಯೇ ಇರಲಿಲ್ಲ. ಕೊಡ ನೆಲಕ್ಕೆ ಬಿದ್ದು ನೆಗ್ಗಿಹೋಯಿತು. ಕಟ್ಟೆ ಇನ್ನೂ ಒಂದು ಹೆಜ್ಜೆ ಆಚೆ ಇತ್ತು. ವಯಸ್ಸಾಯಿತು, ಹೆಜ್ಜೆ ಗಿಡ್ಡವಾಗಿದೆ ಎಂದುಕೊಂಡು ಸುಮ್ಮನಾದೆ. ಮರುದಿನ ಒಂಬತ್ತು ಹೆಜ್ಜೆಯಾಯಿತು. ಒಂದೇ ದಿನದಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ.

ನಮ್ಮೂರಲ್ಲಿ ಮನೆಯನ್ನು ಹಿಡಿದಿಡುವುದು ಪಾಯವಲ್ಲ, ಹುಲ್ಲು. ಊರಿನ ಮುಂದೆ ಹರಡಿರುವ ಆಳವಿಲ್ಲದ ನೀರಿನ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಪ್ರತಿ ಮನೆಗೂ ಅದರಲ್ಲಿ ಒಂದು ಪಾಲು ಇದೆ, ಅದನ್ನೇ ನಾವು ಗದ್ದೆ ಎನ್ನುವುದು. ಗದ್ದೆ ದಟ್ಟವಾಗಿದ್ದರೆ ಮನೆ ನಿಂತಿರುತ್ತದೆ. ಗದ್ದೆ ತೆಳ್ಳಗಾದರೆ ಮನೆ ಕಡಲಿನ ಕಡೆ ಹೆಜ್ಜೆ ಹಾಕುತ್ತದೆ, ದಿನಕ್ಕೆ ಒಂದೋ ಎರಡೋ. ಒಳಗೆ ಇರುವವರಿಗೆ ಏನೂ ಗೊತ್ತಾಗುವುದಿಲ್ಲ, ಒಲೆಯ ಮೇಲಿನ ಹಾಲು ಕೂಡ ತುಳುಕುವುದಿಲ್ಲ. ಬಾವಿ, ಮರ, ತುಳಸಿಕಟ್ಟೆ ಮಾತ್ರ ಇದ್ದಲ್ಲೇ ಉಳಿಯುತ್ತವೆ. ನಡೆಯುವ ಮನೆಗೆ ಹಗ್ಗ ಕಟ್ಟಬಾರದು, ದಾರಿ ಬಿಡಬೇಕು, ಅದು ನಮ್ಮ ಅಂಗಳಕ್ಕೆ ಬಂದರೆ ನಮ್ಮ ಬಾವಿಯಿಂದ ಅವರಿಗೂ ನೀರು ಕೊಡಬೇಕು. ನಮ್ಮ ಪೋಸ್ಟ್‌ಮ್ಯಾನ್ ವಿಳಾಸ ಓದುವುದನ್ನು ಎಂದೋ ಬಿಟ್ಟಿದ್ದಾನೆ. ಬೀದಿಯ ತುದಿಯಲ್ಲಿ ನಿಂತು, "ಇವತ್ತು ಎಲ್ಲಿದ್ದೀರಿ?" ಎಂದು ಕೂಗುತ್ತಾನೆ. ದರ್ಜಿ ಅನಂತಯ್ಯನ ಅಂಗಡಿ ಮೂರು ವರ್ಷದಲ್ಲಿ ಮೂರು ಬೀದಿ ದಾಟಿತು, ಮೂರು ಬೀದಿಯ ಗಿರಾಕಿಗಳೂ ಅವನಿಗೇ ಸಿಕ್ಕಿದರು. ಹಾಗಂತ ಎಲ್ಲವೂ ತಮಾಷೆಯಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಒಂದು ಮನೆ ನೀರಿಗಿಳಿಯಿತಂತೆ. ಇಳಿತದ ಹೊತ್ತಿನಲ್ಲಿ ಅದರ ಮಾಡಿನ ಹಂಚು ಒಂದು ತಿಂಗಳು ಕಾಣುತ್ತಿತ್ತಂತೆ.

ಆದರೆ ನಮ್ಮ ಕೇರಿಯ ಮನೆಗಳು ನಡೆದದ್ದನ್ನು ಯಾರೂ ಕಂಡವರಿಲ್ಲ. ನಮ್ಮದು ಪಟ್ಟೆಹುಲ್ಲಿನ ಗದ್ದೆ. ಎರಡು ಬೆರಳಗಲ, ಎದೆಮಟ್ಟದ ಎಲೆ. ನೀರು ತಿಳಿಯಾಗಿದ್ದಾಗ ದೋಣಿಯಿಂದ ಬಗ್ಗಿ ನೋಡಿದರೆ ಕಣ್ಣು ತಂಪಾಗಬೇಕು. ಅದರಲ್ಲೂ ನಮ್ಮ ಮನೆಯ ಗದ್ದೆಯಲ್ಲಿ ಪಟ್ಟೆಹುಲ್ಲು ಬಿಟ್ಟರೆ ಬೇರೆ ಒಂದು ಎಲೆ ಇರಲಿಲ್ಲ. ಅದಕ್ಕೆ ಕಾರಣ ನಾನು. ಹೇಳಿಕೊಳ್ಳಲು ಆಗೆಲ್ಲ ನನಗೆ ಎಷ್ಟು ಹೆಮ್ಮೆ ಇತ್ತೋ ಈಗ ಅಷ್ಟೇ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಮದುವೆಯಾಗಿ ಬರುವ ಹುಡುಗಿ ತವರಿನ ಗದ್ದೆಯಿಂದ ಒಂದು ಸೂಡಿ ಹುಲ್ಲನ್ನು ಬೇರುಸಮೇತ ತರುತ್ತಾಳೆ. ತಾಯಿಯೇ ನೀರಿಗಿಳಿದು ಕಿತ್ತು, ಸೂಡಿ ಕಟ್ಟಿ, ಮಗಳ ಮಡಿಲಿಗೆ ಹಾಕಬೇಕು. ಮೂರನೆಯ ದಿನ ಮಗಳು ಅದನ್ನು ಗಂಡನ ಮನೆಯ ಗದ್ದೆಯಲ್ಲಿ ನೆಡಬೇಕು. ಬೇರೆ ಯಾವ ರೀತಿಯಲ್ಲೂ ಹುಲ್ಲು ಕೈ ಬದಲಾಗುವುದಿಲ್ಲ. ಕೇಳಿ ತಂದದ್ದು, ಕದ್ದು ತಂದದ್ದು ಎರಡೇ ದಿನದಲ್ಲಿ ಕೊಳೆಯುತ್ತದೆ. ತಾಯಿ ಮಡಿಲಿಗೆ ಹಾಕಿದ್ದೊಂದೇ ಬೇರು ಬಿಡುವುದು, ಅದೂ ಒಬ್ಬ ತಾಯಿಯಿಂದ ಒಬ್ಬ ಮಗಳಿಗೆ ಒಂದೇ ಸಲ. ತಾಯಿ ಇಲ್ಲದವಳಿಗೆ ಬೇರೊಬ್ಬಳು ತಾಯಿಯಾಗಿ ನಿಂತು ಕೊಡಬಹುದು. ತಾಯಿ ಬದುಕಿದ್ದರೆ ಅದೂ ಇಲ್ಲ.

ನನ್ನ ಸೊಸೆ ವಾರಿಜ ಅಳಿವೆಬಾಯಿಯ ಕಡೆಯವಳು. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ವರ್ಷವಿಡೀ ಕೆಸರುನೀರು. ಅಲ್ಲಿ ಬೆಳೆಯುವುದು ಚಿಕ್ಕೆಲೆ, ಹೆಬ್ಬೆರಳ ಉಗುರಿನಷ್ಟು ಎಲೆಯ ಒಂದು ಪುಡಿಹುಲ್ಲು. ಅವಳು ಅದನ್ನೇ ಸೂಡಿ ಕಟ್ಟಿಸಿಕೊಂಡು ಬಂದಳು. ನೆಡುವಾಗ ನಾನು ದಡದಲ್ಲಿ ನಿಂತು ನಗುನಗುತ್ತಾ ಆರತಿ ಎತ್ತಿದೆ. ಎಂಟು ದಿನ ಬಿಟ್ಟು ಒಬ್ಬಳೇ ನೀರಿಗಿಳಿದು ಒಂದೂ ಬಿಡದೆ ಕಿತ್ತೆ. ಬೇರಿನ ಚೂರು ಎಲ್ಲೋ ಉಳಿದಿರಬೇಕು, ಮರುವರ್ಷ ಮತ್ತೆ ತಲೆ ಎತ್ತಿತು. ಮತ್ತೆ ಕಿತ್ತೆ. ಹೀಗೆ ಎಂಟು ವರ್ಷ. ಗದ್ದೆ ಚೊಕ್ಕ ಮಾಡುವುದು ಎಂದು ನಾವು ಅದಕ್ಕೆ ಹೆಸರಿಟ್ಟಿದ್ದೆವು. ನಾನೊಬ್ಬಳೇ ಅಲ್ಲ, ಕೇರಿಯ ಅತ್ತೆಯಂದಿರೆಲ್ಲ ಹೊರಗಿನಿಂದ ಬಂದ ಸೊಸೆಯ ಹುಲ್ಲನ್ನು ಕೀಳುವವರೇ. ಪಕ್ಕದ ಮನೆಯ ರುಕ್ಮಕ್ಕನಂತೂ ಎಪ್ಪತ್ತು ದಾಟಿದ ಮೇಲೂ ಮೂಗು ಹಿಡಿದು ಮುಳುಗುತ್ತಿದ್ದಳು.

ಆ ಬೇಸಿಗೆಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ದೊಡ್ಡ ದೋಣಿಗಳಿಗೆ ದಾರಿ ಮಾಡಲೆಂದು ಹೂಳೆತ್ತುವ ಯಂತ್ರವೊಂದು ಬಂತು. ನಮ್ಮ ಕೇರಿಯ ಮುಂದೆಯೇ ನಿಂತು ಹಗಲೆಲ್ಲ ತಳ ಕೆದಕಿ ನೀರನ್ನು ರಾಡಿ ಮಾಡಿತು. ಜೊತೆಗೆ ಬಿಸಿಲು. ಹಿರಿಯರು ಕೂಡ ಅಂಥ ಬಿಸಿಲು ನೋಡಿಲ್ಲ ಎಂದರು. ನೀರು ಸ್ನಾನದ ಹಂಡೆಯ ನೀರಿನಷ್ಟು ಬೆಚ್ಚಗಾಯಿತು. ಬಾವಿ ದೂರವಾದ ಆ ದಿನ ನಾನು ಗದ್ದೆಗೆ ಓಡಿದೆ. ಎದೆಮಟ್ಟದ ಎಲೆಗಳು ಕಂದಾಗಿ, ಲೋಳೆಲೋಳೆಯಾಗಿ, ಮುಟ್ಟಿದರೆ ಕೈಗೇ ಬಂದವು. ಇಡೀ ಗದ್ದೆಯಲ್ಲಿ ಹಸಿರೆಂಬುದು ಇರಲಿಲ್ಲ. ನೀರಿನಿಂದ ಎದ್ದು ಬಂದು ದಡದಲ್ಲಿ ಕೂತೆ. 

ನಮ್ಮ ಯಜಮಾನರಿಗೆ ವಿಷಯ ಹೇಳಿದೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. "ಅದಕ್ಕೇ ಗಾಳಿ ಈಗ ಒಳ್ಳೇದು ಬರ್ತಾ ಉಂಟು" ಎಂದರು. ಮಗ ಸದಾನಂದ ದೂರದ ಮೀನುಗಾರಿಕೆಗೆ ಹೋದವನು ಮಳೆಗಾಲದವರೆಗೆ ಬರುವಂತಿರಲಿಲ್ಲ. ಇದ್ದಿದ್ದರೂ ಏನು, ನಮ್ಮೂರಲ್ಲಿ ಗದ್ದೆ ಹೆಂಗಸರದ್ದು.

ಮರುದಿನದಿಂದ ಬೆಳಿಗ್ಗೆ ಇಳಿತದ ಹೊತ್ತಿಗೆ ಮೆಟ್ಟಿಲಿನಿಂದ ನೀರಿನ ಅಂಚಿನವರೆಗೆ ಹೆಜ್ಜೆ ಎಣಿಸತೊಡಗಿದೆ. ಮೊದಲ ದಿನ ನೂರ ಮೂವತ್ತು. ವಾರ ಕಳೆಯುವಾಗ ನೂರ ಹದಿನೇಳು. ಮದುವೆಯಾಗಿ ಕಾಲಿಟ್ಟ ಮನೆ, ಮಗನನ್ನು ಹೆತ್ತ ಮನೆ, ಎರಡು ತಿಂಗಳೊಳಗೆ ಕಡಲಿನೊಳಗೆ ಇರುತ್ತದೆ ಎಂದು ಲೆಕ್ಕ ಹಾಕಲು ಓದು ಬೇಕಾಗಿರಲಿಲ್ಲ.

ಆ ವಾರ ವಾರಿಜಳೂ ನನ್ನ ಜೊತೆ ಗದ್ದೆಗಿಳಿದಳು. ನಾನು ಕೊಳೆತದ್ದನ್ನೆಲ್ಲ ಕಿತ್ತು ಬಿಸಾಡಲು ಹೊರಟಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಎಂಟು ವರ್ಷದಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು.

"ಕೀಳ್ಬೇಡಿ ಅತ್ತೆ. ಎಲೆ ಹೋದದ್ದು, ಬೇರು ಹೋಗ್ಲಿಲ್ಲ. ಇಲ್ಲಿ ಮುಟ್ಟಿ ನೋಡಿ."

ಕೆಸರಿನೊಳಗೆ ಬೆರಳಿಳಿಸಿ ನೋಡಿದೆ. ನೆಲದಡಿಯಲ್ಲಿ ಹರಿದ ದಪ್ಪ ಬೇರು ಗಟ್ಟಿಯಾಗೇ ಇತ್ತು.

"ಇದ್ರೆ ಚಿಗುರಬೇಕಲ್ಲ?" ಎಂದೆ.

"ಹೇಗೆ ಚಿಗುರ್ತದೆ? ಬೆಳಕೇ ಇಲ್ಲ. ಮೊದ್ಲು ಈ ರಾಡಿ ಕೂರ್ಬೇಕು. ರಾಡಿ ಕೂರಿಸುದು ಚಿಕ್ಕೆಲೆ. ಬಿಸಿಗೂ ಸೈ, ಕೆಸರಿಗೂ ಸೈ, ಹದಿನೈದು ದಿನದಲ್ಲಿ ಹಬ್ಬಿಬಿಡ್ತದೆ. ನಮ್ಮ ಕಡೆ ನೀರು ಯಾವಾಗ್ಲೂ ಹೀಗೇ ಅಲ್ವಾ, ನಾನು ನೋಡಿಕೊಂಡೇ ಬೆಳೆದದ್ದು."

"ಹಾಗಾದ್ರೆ ನಿನ್ನ ಅಮ್ಮನ ಹತ್ರ ಹೇಳಿ ಒಂದು ಸೂಡಿ..."

"ನನ್ನ ಸೂಡಿ ಆಗಿಹೋಗಿದೆ ಅತ್ತೆ." ಅವಳು ನನ್ನ ಮುಖ ನೋಡಿಯೇ ಹೇಳಿದಳು. "ಅದು ಎಲ್ಲಿ ಹೋಯ್ತು ಅಂತ ನನಗೂ ಗೊತ್ತುಂಟು, ನಿಮಗೂ ಗೊತ್ತುಂಟು."

ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದೆ. ಮುಳುಗಿಬಿಡೋಣ ಅನ್ನಿಸಿತು. ಎಂಟು ವರ್ಷ ಈ ಹುಡುಗಿ ಎಲ್ಲ ತಿಳಿದೂ ನನಗೆ ಬೆಳಿಗ್ಗೆ ಕಾಫಿ ಕೊಟ್ಟಿದ್ದಳು, ತಲೆನೋವು ಬಂದರೆ ಹಣೆ ತಿಕ್ಕಿದ್ದಳು. ಬಾಯಿಬಿಟ್ಟು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವಳು ಸೀರೆ ಹಿಂಡಿಕೊಂಡು ದಡ ಹತ್ತಿದಳು.

ನಾಲ್ಕು ದಿನ ಯೋಚಿಸಿದೆ. ವಾರಿಜಳ ತಾಯಿ ಇದ್ದಾಳೆ, ಹಾಗಾಗಿ ವಾರಿಜಳಿಗೆ ಬೇರೆ ಯಾರೂ ಕೊಡುವಂತಿಲ್ಲ. ನಮ್ಮ ಮನೆಯಲ್ಲಿ ಇನ್ನುಳಿದ ಹೆಂಗಸು ನಾನೊಬ್ಬಳೇ. ನನ್ನ ತಾಯಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ನಾನು ತಾಯಿ ಇಲ್ಲದವಳು. ಐದನೆಯ ದಿನ ಒಳ್ಳೆಯ ಸೀರೆಯುಟ್ಟು, ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಅಳಿವೆಬಾಯಿಯ ದೋಣಿ ಹತ್ತಿದೆ. ವಾರಿಜಳಿಗೆ ಎಲ್ಲಿಗೆಂದು ಹೇಳಲಿಲ್ಲ. ಹೇಳಿದ್ದರೆ ಧೈರ್ಯ ಬತ್ತಿಹೋಗುತ್ತಿತ್ತು.

ನನ್ನ ಬೀಗಿತ್ತಿ ಮುತ್ತಕ್ಕ ಅಂಗಳದಲ್ಲಿ ಕೂತು ಚಿಪ್ಪಿನ ಮಾಂಸ ತೆಗೆಯುತ್ತಿದ್ದಳು. ಮಗನ ಮದುವೆಯಾದ ಮೇಲೆ ನಾನು ಆ ಅಂಗಳಕ್ಕೆ ಕಾಲಿಟ್ಟದ್ದು ಎರಡು ಸಲ, ಎರಡು ಸಲವೂ ಕೆಸರೆಂದು ಸೀರೆ ಎತ್ತಿ ಹಿಡಿದೇ ನಡೆದಿದ್ದೆ. ಎರಡು ಕೋಣೆಯ ಸಣ್ಣ ಮನೆ. ಅದರ ಬಾವಿ ಹಿತ್ತಿಲ ಬಾಗಿಲಿಗೆ ಎಷ್ಟು ಹತ್ತಿರ, ನಾನು ಮೊದಲು ನೋಡಿದ್ದು ಅದನ್ನೇ. ಸುತ್ತಲಿನ ಯಾವ ಮನೆಯೂ ಅಲ್ಲಾಡಿರಲಿಲ್ಲ.

ಬೆಲ್ಲ ನೀರು ಕೊಟ್ಟಳು. ಕುಡಿದು ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟೆ. ಕಿತ್ತದ್ದನ್ನು, ಪ್ರತಿ ವರ್ಷ ಕಿತ್ತದ್ದನ್ನು, ಎಲ್ಲವನ್ನೂ. ಮುತ್ತಕ್ಕನ ಕೈ ನಿಂತಿತು.

"ಎಂಟು ವರ್ಷವಾ?"

"ಎಂಟು ವರ್ಷ."

ಅವಳು ಎದ್ದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅಂಗಳದಲ್ಲಿ ಬೆಕ್ಕೊಂದು ಬಂದು ಚಿಪ್ಪಿನ ಮಾಂಸಕ್ಕೆ ಬಾಯಿ ಹಾಕಿತು, ಓಡಿಸುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದೆ ಸುಮ್ಮನೆ ಕೂತೆ. ಕೊನೆಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಅವಳ ಸೂಡಿಗೆ ನಾನು ಮೂರು ದಿನ ನೀರಲ್ಲಿದ್ದೆ ಭವಾನಿಯಕ್ಕ. ಒಳ್ಳೆ ಒಳ್ಳೆ ಬೇರು ಹುಡುಕಿ ತೆಗ್ದದ್ದು. ನಿಮ್ಗೆ ಅದು ಕಳೆ."

"ಹೌದು" ಎಂದೆ.

"ನಿಮ್ಮ ಮನೆ ಕಡಲಿಗೆ ಹೋದ್ರೆ ನನಗೆ ಎಂತದೂ ಅನ್ಸುದಿಲ್ಲ. ಆದ್ರೆ ಒಳಗೆ ನನ್ನ ಮಗಳು ಇದ್ದಾಳಲ್ಲ. ಕೊಡುವ ಅಂದ್ರೆ ಅವಳಿಗೆ ಇನ್ನೊಮ್ಮೆ ಕೊಡ್ಲಿಕ್ಕೆ ಇಲ್ಲ."

"ಅವಳಿಗಲ್ಲ. ನನಗೆ. ನನಗೆ ಅಮ್ಮ ಇಲ್ಲ" ಎಂದೆ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗಲು ಶುರುಮಾಡಿದಳು. "ನಿಮ್ಗೆ ಅರವತ್ತೆರಡು, ನನಗೆ ಐವತ್ತಾರು! ಆರು ವರ್ಷ ಮೊದ್ಲೇ ಹುಟ್ಟಿದ ಮಗಳು ಮಾರಾಯ್ರೇ!" ಬೇಲಿಯಾಚೆಯ ಹೆಂಗಸರನ್ನೆಲ್ಲ ಕೂಗಿ ಕರೆದಳು. ಅವರೂ ಸೆರಗು ಬಾಯಿಗಿಟ್ಟು ನಕ್ಕರು. ನಗಲಿ ಎಂದು ನಾನು ತಲೆ ತಗ್ಗಿಸಿ ಮಣೆಯ ಮೇಲೆ ಕೂತೆ.

ಮಡಿಲು ತುಂಬುವ ಮೊದಲು ತಾಯಿ ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕಬೇಕು. ಮುತ್ತಕ್ಕ ನನ್ನ ಹಿಂದೆ ಕೂತು ಬಾಚಣಿಗೆ ಹಾಕಿದಳು. ಸಿಕ್ಕು ಬಿಡಿಸುವ ಹೆಸರಲ್ಲಿ ಎಂಟು ವರ್ಷದ ಸಿಟ್ಟನ್ನೆಲ್ಲ ತೀರಿಸಿಕೊಂಡಳು, ಬುಡಸಮೇತ ಕೂದಲು ಕಿತ್ತುಬರುವ ಹಾಗೆ ಎಳೆದಳು. ನಾನು ತುಟಿ ಕಚ್ಚಿಕೊಂಡೆ. ಆದರೆ ನನ್ನ ತಲೆಯನ್ನು ಇನ್ನೊಬ್ಬರು ಬಾಚಿ ನಲವತ್ತು ವರ್ಷವಾಗಿತ್ತು. ಅದು ಹೇಗೋ ನೆನಪಾಗಿ, ಮದುವೆಯ ದಿನ ನನ್ನ ಅಮ್ಮ ಬಾಚಿದ್ದು ನೆನಪಾಗಿ, ಅಷ್ಟು ಜನರ ಮುಂದೆ ಬಿಕ್ಕಿಬಿಕ್ಕಿ ಅತ್ತೆ. ಬಾಚಣಿಗೆ ಮೆಲ್ಲಗಾಯಿತು. ಸುತ್ತಲಿನವರ ನಗುವೂ ನಿಂತಿತು. ಮುತ್ತಕ್ಕ ಉಳಿದ ಕೂದಲನ್ನು ನಿಧಾನವಾಗಿ ಬಿಡಿಸಿ, ಗಟ್ಟಿಯಾಗಿ ಹೆಣೆದು, ನೀರಿಗಿಳಿದಳು. ಒಂದು ಸೂಡಿ ಎಂದರೆ ಒಂದು ಹಿಡಿ. ಅವಳು ತಂದು ನನ್ನ ಮಡಿಲಿಗೆ ಹಾಕಿದ್ದು ಒಂದು ಬುಟ್ಟಿಯಷ್ಟಿತ್ತು.

ಮನೆಗೆ ಬಂದಾಗ ವಾರಿಜ ನನ್ನ ಹೆರಳನ್ನೂ ಒದ್ದೆ ಮಡಿಲನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ನಾನೀಗ ನಿನ್ನ ಅಕ್ಕ" ಎಂದೆ. ಅವಳು ನಕ್ಕಳೋ ಅತ್ತಳೋ ಹೇಳಲಾರೆ, ಎರಡೂ ಇತ್ತು.

ಮೂರನೆಯ ದಿನ ಇಬ್ಬರೂ ಸೇರಿ ನೆಟ್ಟೆವು. ಒಂದೊಂದು ಎಳೆಯನ್ನೂ ಹಳೆಯ ಬೇರುಗಳ ನಡುವೆ ಇಟ್ಟು ಕಾಲ್ಬೆರಳಿನಿಂದ ಒತ್ತಿ, ತೇಲಿಹೋಗದಂತೆ ಮೇಲೊಂದು ಚಿಪ್ಪು ಇಡಬೇಕು. ರುಕ್ಮಕ್ಕ ದಡದಲ್ಲಿ ನಿಂತು, "ಕಳೆ ನೆಡ್ಲಿಕ್ಕೆ ಹೊರಟ್ರಾ? ಕಾಲ ಕೆಟ್ಟಿತು" ಎಂದಳು. ಅವಳ ಮನೆಯೂ ಅಷ್ಟು ಹೊತ್ತಿಗೆ ನಡೆಯತೊಡಗಿತ್ತು, ಆದರೂ ಮಾತಿಗೆ ಕೊರತೆಯಿರಲಿಲ್ಲ.

ನೆಟ್ಟ ಮಾತ್ರಕ್ಕೆ ಮನೆ ನಿಲ್ಲಲಿಲ್ಲ. ತೊಂಬತ್ತು ಎಂಬತ್ತಾಯಿತು, ಎಂಬತ್ತು ಅರವತ್ತಾಯಿತು. ಉಬ್ಬರದ ನೀರು ತುಳಸಿಯಿಲ್ಲದ ನಮ್ಮ ಹೊಸ ಅಂಗಳದವರೆಗೆ ಬರತೊಡಗಿತು. ಪಾತ್ರೆ, ಅಕ್ಕಿಡಬ್ಬಿ, ಮಗನ ಮದುವೆಯ ಫೋಟೋ ಎಲ್ಲವನ್ನೂ ಕಟ್ಟಿ ಮುತ್ತಕ್ಕನ ಮನೆಗೆ ಸಾಗಿಸಿದೆವು. ಯಜಮಾನರು ಮಾತ್ರ ಜಗಲಿ ಬಿಡಲಿಲ್ಲ, ಈಗ ಅಲ್ಲಿ ಕೂತೇ ಗಾಳ ಹಾಕಬಹುದು ಎಂದರು. ವಾರಿಜ ದಿನಕ್ಕೆರಡು ಸಲ ಮುಳುಗಿ ಬಂದು ಹೇಳುತ್ತಿದ್ದಳು: ಎಲೆ ಬಿಟ್ಟಿದೆ, ಬಳ್ಳಿ ಓಡಿದೆ, ಈ ಮೂಲೆಯಿಂದ ಆ ಮೂಲೆಗೆ ಕೈ ಕೂಡಿದೆ. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. ಮೇಲೆಲ್ಲ ರಾಡಿ. ಆದರೆ ತಳದ ಹತ್ತಿರ ಒಂದು ಗೇಣು ನೀರು ತಿಳಿಯಾಗಿತ್ತು. ಪುಟ್ಟಪುಟ್ಟ ಎಲೆಗಳ ಮೇಲೆ ಕೆಸರು ಕೂತಿತ್ತು, ಒಂದೊಂದೂ ತನ್ನ ಪಾಲಿನದನ್ನು ಹೊತ್ತುಕೊಂಡು ಬದುಕಿತ್ತು. ನಾನು ಎಂಟು ವರ್ಷ ಇವುಗಳನ್ನೇ ಕಿತ್ತದ್ದು.

ಮೊದಲ ಮಳೆಗೆ ಯಂತ್ರ ಹೊರಟುಹೋಯಿತು, ನೀರು ತಣ್ಣಗಾಯಿತು. ಹತ್ತೊಂಬತ್ತು ಹೆಜ್ಜೆ ಎಣಿಸಿದ ಮರುದಿನ ಮತ್ತೆ ಹತ್ತೊಂಬತ್ತೇ ಬಂತು. ತಪ್ಪಿರಬೇಕೆಂದು ಹಿಂದೆ ಹೋಗಿ ಇನ್ನೊಮ್ಮೆ ಎಣಿಸಿದೆ. ವಾರಿಜಳಿಗೆ ಹೇಳಲಿಲ್ಲ, ಹೇಳಿದರೆ ಎಲ್ಲಿ ಕೆಡುತ್ತದೋ ಎಂಬ ಹೆದರಿಕೆ. ಮೂರನೆಯ ದಿನ ನೋಡುತ್ತೇನೆ, ಅವಳೂ ನನ್ನ ಕಣ್ಣು ತಪ್ಪಿಸಿ ಹೆಜ್ಜೆ ಎಣಿಸುತ್ತಿದ್ದಾಳೆ. ಒಬ್ಬರನ್ನೊಬ್ಬರು ನೋಡಿದೆವು. "ನಿಂತಿದೆ ಅಲ್ವಾ ಅತ್ತೆ?" ಎಂದಳು. ಆ ವಾರವೇ ಹಳೆಯ ಬೇರುಗಳಿಂದ ಪಟ್ಟೆಹುಲ್ಲಿನ ತುದಿಗಳು ಚಿಕ್ಕೆಲೆಗಳ ನಡುವಿನಿಂದ ಮೇಲೆದ್ದವು, ಬೆರಳುದ್ದ, ಎಳೆಹಸಿರು.

ಮುತ್ತಕ್ಕ ನಮ್ಮ ಪಾತ್ರೆಗಳನ್ನು ದೋಣಿಯಲ್ಲಿ ಹೇರಿಕೊಂಡು ಬಂದಳು. ಈಗ ದೋಣಿ ನಮ್ಮ ಮೆಟ್ಟಿಲ ಹತ್ತಿರವೇ ನಿಲ್ಲುತ್ತದೆ. ಅಕ್ಕಿಡಬ್ಬಿ ಇಳಿಸುತ್ತಾ ನಾನು ಸುಮ್ಮನೆ ಕೇಳಿದೆ, "ಅಷ್ಟೊಂದು ಕಿತ್ತು ಕೊಟ್ರಲ್ಲ, ನಿಮ್ಮ ಮನೆಗೆ ಏನೂ ಆಗ್ಲಿಲ್ವಾ?"

"ಆಯ್ತು. ನಾಲ್ಕು ಹೆಜ್ಜೆ ಹೋಯ್ತು."

"ಹೇಳ್ಲೇ ಇಲ್ಲ!"

"ಹೇಳಿದ್ರೆ ನೀವು ತಗೊಳ್ತಿದ್ರಾ?"

ಅವಳ ಮನೆ ಇಪ್ಪತ್ತು ವರ್ಷದಲ್ಲಿ ಅಲ್ಲಾಡಿರಲಿಲ್ಲ. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆವು. ರುಕ್ಮಕ್ಕ ಬಂದಳು. ಒಳ್ಳೆಯ ಸೀರೆ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬಾಳೆಹಣ್ಣು. ಅವಳ ಮನೆ ನೀರಿನ ಅಂಚಿಗೆ ಹನ್ನೆರಡು ಹೆಜ್ಜೆಯಲ್ಲಿತ್ತು, ಇನ್ನೂ ನಡೆಯುತ್ತಿತ್ತು. ಬಂದವಳು ಗಾಳಿ ಮಳೆ ಎಂದು ಏನೇನೋ ಮಾತಾಡಿದಳು. ಕೊನೆಗೆ ನೆಲ ನೋಡುತ್ತಾ, "ನನಗೂ ಅಮ್ಮ ಇಲ್ಲ ಭವಾನಿ" ಎಂದಳು. ಎಪ್ಪತ್ತೆರಡು ವರ್ಷದ ಹೆಂಗಸು.

ನಮ್ಮ ಗದ್ದೆ ಇನ್ನೂ ಎಳೆಯದು. ಅದರಿಂದ ಒಂದು ಬುಟ್ಟಿ ಕಿತ್ತರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ವಾರಿಜಳ ಕಡೆ ನೋಡಿದೆ. ಅವಳು ಆಗಲೇ ಎದ್ದು ಒಳಗಿನಿಂದ ಮಣೆ ತರುತ್ತಿದ್ದಳು, ಎಣ್ಣೆಯ ಬಟ್ಟಲೂ ಬಂತು. ನನಗಿಂತ ಹತ್ತು ವರ್ಷ ದೊಡ್ಡವಳ ನೆರೆತ ಕೂದಲನ್ನು ಮಡಿಲಿಗೆ ಹಾಕಿಕೊಂಡು ಬಾಚಿದೆ. ನೋಯದ ಹಾಗೆ ಬಾಚಿದೆ. ಆಮೇಲೆ ನೀರಿಗಿಳಿದು ಒಳ್ಳೊಳ್ಳೆಯ ಬೇರು ಆರಿಸಿ ಕಿತ್ತೆ, ಎರಡೂ ಬಗೆಯದನ್ನು.

ಮರುದಿನ ಬೆಳಿಗ್ಗೆ ಎಣಿಸಿದೆ. ಹದಿನೆಂಟು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ವಾರಿಜ ಹುಬ್ಬು ಹಾರಿಸಿ ಎಷ್ಟು ಎಂದು ಕೇಳಿದಳು. ಬೆರಳಲ್ಲಿ ತೋರಿಸಿದೆ. "ಸಾಕು ಬನ್ನಿ, ಕಾಫಿ ಆರ್ತದೆ" ಎಂದಳು. ಹೋಗಿ ಕುಡಿದೆ. ಅದರ ಮರುದಿನವೂ ಹದಿನೆಂಟೇ ಇತ್ತು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರುಕ್ಮಕ್ಕನ ಅಂಗಳದಿಂದಲೂ ಎಣಿಸುವ ಸದ್ದು ಕೇಳಿತು. ಹಿಂದಿನ ದಿನದ ಹಾಗೆಯೇ ಆರಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುಮಾಡಿ, ಪುನಃ ಆರಕ್ಕೇ ನಿಂತಳು.